ಮೂರನೇ ತೊಲೆಯ ಕೆಳಗೆ

ಮಧ್ಯಾಹ್ನ ಮೂರೂವರೆಗೆ ಚಾವಣಿ ಕೆಲಸದವನನ್ನು ಸ್ಟ್ರೆಚರ್ ಮೇಲೆ ಹೊತ್ತು ತಂದಾಗ ಒಳಾಂಗಣ ಕ್ರೀಡಾಂಗಣದ ಗೇಟ್ ಮುಖ್ಯಸ್ಥ ಓಡಿಬಂದ. ತಲೆಯ ಹಿಂದೆ ರಕ್ತ, ಪ್ರಜ್ಞೆಯಿಲ್ಲ. ಎರಡೂ ಅಂಗೈಗಳಿಗೆ ಕಪ್ಪು ಎಣ್ಣೆಮಸಿ. ಎಂದೋ ಯಂತ್ರಕ್ಕೆ ಸಿಕ್ಕಿ ಅರ್ಧವಾಗಿದ್ದ ಬಲಗೈಯ ನಡುಬೆರಳು ಅಂಚಿನಿಂದ ಇಳಿಬಿದ್ದಿತ್ತು. ಸೊಂಟದ ಬೆಲ್ಟಿನ ಹಗ್ಗ ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು.

"ಏಣಿಯಿಂದ ಕಾಲು ಜಾರಿದೆ, ಪಾಪ," ಎಂದರು ಮ್ಯಾನೇಜರ್. "ನೀವು ಐದಕ್ಕೆ ಸರಿಯಾಗಿ ಬಾಗಿಲು ತೆಗೀರಿ. ಆರು ಸಾವಿರ ಜನ ಬರ್ತಾರೆ."

ಆರಕ್ಕೆ ಸಂಗೀತ ಕಾರ್ಯಕ್ರಮ. ಹಿಮ್ಮೇಳಕ್ಕೆ ನಲವತ್ತು ಮಕ್ಕಳು. ಅವರಲ್ಲಿ ಗೇಟಿನವನ ಮಗಳೂ ಒಬ್ಬಳು. ಆಗಲೇ ವೇದಿಕೆ ಹತ್ತಿ ತಾಲೀಮು ನಡೆಸಿದ್ದಳು. ಆ ಚಾವಣಿಯವನು ಹದಿನೆಂಟು ವರ್ಷ ಕಣ್ಣುಮುಚ್ಚಿಕೊಂಡು ಹತ್ತಿಳಿದ ಏಣಿ ಅದು. ಗೇಟಿನವನಿಗೆ ಯಾಕೋ ಸಮಾಧಾನವಾಗಲಿಲ್ಲ. ನೇರ ದೊಡ್ಡಕ್ಕನ ಬಳಿಗೆ ಹೋದ.

ಕಳೆದುಹೋದ ಸಾಮಾನುಗಳ ಕೋಣೆಯನ್ನು ನೋಡಿಕೊಳ್ಳುವ ದೊಡ್ಡಕ್ಕನಿಗೆ ಕೊಡೆ, ಕನ್ನಡಕಗಳ ವಾರಸುದಾರರನ್ನು ಹುಡುಕುವುದು ಸಂಬಳದ ಕೆಲಸ. ಇಲ್ಲಿ ನಡೆದ ಮೂರು ಕಳವುಗಳ ಜಾಡು ಹಿಡಿದಿದ್ದೂ ಅವಳೇ. ಪ್ರತಿ ಸಲವೂ ಗೇಟಿನವನು ಅವಳ ಬೆನ್ನಿಗಿದ್ದ.

ಅವನು ಕಂಡದ್ದನ್ನೆಲ್ಲ ಕೇಳಿಸಿಕೊಂಡು ದೊಡ್ಡಕ್ಕ ಎದ್ದಳು. ಏಣಿಯ ಬುಡ ನೋಡಿದಳು. ಆಮೇಲೆ ವೇದಿಕೆಯ ಮೇಸ್ತ್ರಿಯ ಹತ್ತಿರ ಹೋದಳು. ಅವನು ದೀಪ, ಧ್ವನಿವರ್ಧಕಗಳನ್ನು ತೂಗುಹಾಕುವ ನಕ್ಷೆಯನ್ನು ಕೈಯಲ್ಲಿ ಹಿಡಿದೇ ಇದ್ದ.

"ಅವನನ್ನ ಕೊನೇ ಸಲ ಯಾವಾಗ ನೋಡಿದ್ರಿ?"

"ಒಂದು ಗಂಟೆಗೆ ಮೇಲೆ ಹತ್ತಿದ. ಆವಾಗಷ್ಟೇ ಊಟ ಮಾಡಿ ಕೈ ತೊಳ್ಕೊಂಡು ಬಂದಿದ್ದ. ಆಮೇಲೆ ನೋಡೇ ಇಲ್ಲ ಅಕ್ಕ."

"ಇದು ಇವತ್ತಿನ ನಕ್ಷೆನಾ?"

"ಬೆಳಗ್ಗೆ ಬಂದಿದ್ದು. ನನ್ನ ಕೈ ಬಿಟ್ಟು ಹೋಗಿಲ್ಲ."

ಅವಳು ನಕ್ಷೆಯನ್ನು ಒಂದು ಕ್ಷಣ ಇಸಕೊಂಡು ನೋಡಿ ಹಿಂದಿರುಗಿಸಿದಳು. ಗೇಟಿನವನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಮಕ್ಕಳನ್ನ ಈಗಲೇ ವೇದಿಕೆಯಿಂದ ಇಳಿಸು. ಬಾಗಿಲು ತೆಗೀಬೇಡ."

"ಏನಾಯ್ತಕ್ಕ?"

"ಮೊದಲು ಇಳಿಸಪ್ಪ!"

ಮಗಳು ಮುಖ ಊದಿಸಿಕೊಂಡಳು. "ಅಪ್ಪ, ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀತೀಯಲ್ಲ!" ಅವನು ಅವಳ ಕೈ ಹಿಡಿದು ವೇದಿಕೆಯಿಂದ ಇಳಿಸಿದ.

ಐದಾಯಿತು. ಹೊರಗೆ ಜನ ಬಾಗಿಲು ಬಡಿಯತೊಡಗಿದರು. ವಾಕಿಟಾಕಿಯಲ್ಲಿ ಮ್ಯಾನೇಜರ್ ಗದರಿದರು: "ತೆಗೀತೀರೋ, ಕೆಲಸ ಬಿಡ್ತೀರೋ?" ಗೇಟಿನವನು ಕೀಲಿಗೊಂಚಲನ್ನು ಒಳಜೇಬಿಗೆ ಇಳಿಸಿದ. "ದೊಡ್ಡಕ್ಕನ ಕೋಣೆಗೆ ಬನ್ನಿ ಸಾರ್. ಮೇಸ್ತ್ರೀನೂ ಬರಲಿ. ಆಮೇಲೆ ಬೇಕಾದ್ರೆ ನನ್ನ ಕೆಲಸ ತೆಗೀರಿ."

ಕೊಡೆಗಳ ರಾಶಿಯ ನಡುವೆ ನಾಲ್ವರೂ ನಿಂತರು. ಮ್ಯಾನೇಜರ್ ಕುದಿಯುತ್ತಿದ್ದರು.

"ಅವನು ಬಿದ್ದಿದ್ದಲ್ಲ," ಎಂದಳು ದೊಡ್ಡಕ್ಕ. "ಏಣಿ ಮೇಲಿರೋ ತನಕ ಬೆಲ್ಟಿನ ಹಗ್ಗ ಕಂಬಿಗೆ ಸಿಕ್ಕಿಸಿರಬೇಕು. ನೆಲಕ್ಕೆ ಕಾಲಿಟ್ಟ ಮೇಲೇನೇ ಅದನ್ನ ಸುತ್ತೋದು. ಅಂದ್ರೆ ಕ್ಷೇಮವಾಗಿ ಇಳಿದು ಬಂದಿದ್ದ. ಕೈಯಲ್ಲಿದ್ದ ಮಸಿ ತೊಲೆಗಳ ಮೇಲಿಂದು. ಅದನ್ನ ತೊಳಕೊಳ್ಳೋಕೂ ನಿಲ್ಲದೆ ಯಾರ ಹತ್ರಾನೋ ಓಡಿದಾನೆ. ಮೇಸ್ತ್ರಿ, ನಕ್ಷೆ ಬಿಚ್ಚಿ."

ಮೇಸ್ತ್ರಿ ಅಲುಗಾಡಲಿಲ್ಲ. ಗೇಟಿನವನೇ ಅದನ್ನು ಕಿತ್ತು ಮೇಜಿನ ಮೇಲೆ ಹರವಿದ. ಮೂರನೇ ತೊಲೆಯ ಗುರುತಿನ ಮೇಲೆ ಕಪ್ಪಗೆ ನಾಲ್ಕು ಬೆರಳಿನ ಅಚ್ಚು ಒತ್ತಿತ್ತು. ನಡುಬೆರಳಿನದು ಅರ್ಧವೇ.

"ಹತ್ತುವಾಗ ಕೈ ತೊಳೆದಿತ್ತು ಅಂದೋರು ನೀವೇ. ನಕ್ಷೆ ಕೈ ಬಿಟ್ಟಿಲ್ಲ ಅಂದೋರೂ ನೀವೇ. ಹಾಗಾದ್ರೆ ಇಳಿದ ಮೇಲೆ ಅವನು ನಿಮ್ಮನ್ನ ನೋಡಿದಾನೆ. 'ಇಲ್ಲಿ ನೋಡು' ಅಂತ ಬೆರಳಿಟ್ಟು ತೋರಿಸಿದಾನೆ. ಏನು ತೋರಿಸಿದ?"

ಮೇಸ್ತ್ರಿ ನಕ್ಷೆಯನ್ನು ಮಡಚಲು ಹೋಗಿ ಕೈಬಿಟ್ಟ.

"ಎರಡು ಧ್ವನಿವರ್ಧಕ ತಡೆಯೋ ಜಾಗದಲ್ಲಿ ನಾಲ್ಕು ತೂಗುಹಾಕಿಬಿಟ್ಟಿದ್ದೆ. ಲೆಕ್ಕ ತಪ್ಪಿತ್ತು. ಕೊಂಡಿ ಬಾಯಿ ಬಿಡ್ತಿದೆ, ಕಾರ್ಯಕ್ರಮ ನಿಲ್ಸು ಅಂದ. ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತೆ, ಸುಮ್ನಿರು ಅಂತ ಗೋಗರೆದೆ. ಮ್ಯಾನೇಜರಿಗೆ ಹೇಳ್ತೀನಿ ಅಂತ ಹೊರಟ. ತಳ್ಳಿದೆ. ತಲೆ ಏಣಿಗೆ ಬಡೀತು... ಸಾಯಿಸ್ಬೇಕು ಅಂತಿರಲಿಲ್ಲ ಅಕ್ಕ."

"ಅವನ ಮಾತಿರಲಿ. ಆ ತೊಲೆ ಕೆಳಗಿದ್ದ ಮಕ್ಕಳನ್ನ?"

ಮ್ಯಾನೇಜರ್ ಪೊಲೀಸರಿಗೆ ಫೋನ್ ಮಾಡಿದರು.

ಕಾರ್ಯಕ್ರಮ ರದ್ದಾಯಿತು. ಜನ ಬಾಯಿಗೆ ಬಂದಂತೆ ಬೈದರು; ಗೇಟಿನವನು ಎಲ್ಲವನ್ನೂ ನಿಂತು ಕೇಳಿದ. ಧ್ವನಿವರ್ಧಕಗಳನ್ನು ಇಳಿಸುವಾಗ ಆ ಕೊಂಡಿ ಆಳೆತ್ತರದಲ್ಲೇ ಕಳಚಿ, ಒಂದು ಧ್ವನಿವರ್ಧಕ ಬಿದ್ದು ವೇದಿಕೆಯ ಎಡಮೂಲೆಯ ಹಲಗೆ ಸೀಳಿತು. ತಾನು ನಿಂತಿದ್ದ ಜಾಗವೇ ಸೀಳಿದ್ದನ್ನು ಮಗಳು ನೋಡಿದಳು. ಬಂದು ಅಪ್ಪನ ತೋಳಿಗೆ ಮುಖ ಒತ್ತಿ ನಿಂತಳು.

ಏಳಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಚಾವಣಿಯವನಿಗೆ ಎಚ್ಚರವಾಗಿತ್ತು, ನರ್ಸ್ ಅವನ ಕಿವಿಗೆ ಫೋನ್ ಹಿಡಿದಿದ್ದಳು.

"ಬಾಗಿಲು... ತೆಗೆದ್ರಾ?"

"ಇಲ್ಲ ಕಣಯ್ಯ," ಎಂದ ಗೇಟಿನವನು. "ತೆಗೀಲಿಲ್ಲ."