ಆರಿಸಿದ ಕರ್ಪೂರ

"ಕರ್ಪೂರ ಹೊಡೆದು ಆಣೆ ಮಾಡ್ಬೇಡ ಕಣಪ್ಪ. ಇದು ಮುನೇಶ್ವರನ ಗುಡಿ, ನಿನ್ ಪಾರ್ಟಿ ಆಫೀಸಲ್ಲ," ಎಂದಳು ಪೂಜೆಯ ಮುದುಕಿ ಮುನಿಶಾಮಮ್ಮ. "ಆರಿಸಿದ ಬೆಂಕಿ ಎಲ್ಲೂ ಹೋಗಲ್ಲ. ಆರಿಸ್ದೋರ ಮೈಯೊಳಗೇ ಇರ್ತದೆ. ಕೊಟ್ಟ ಮಾತು ನಡೆಸಿ, ನಿನ್ ಕೈಯಾರೆ ಮತ್ತೆ ಹಚ್ಚೋವರ್ಗೂ ಬಿಡಲ್ಲ."

ಕೆಂಪರಾಜ್ ನಕ್ಕ. "ಇರ್ಲಿ ಬಿಡಜ್ಜಿ. ಮಳೆಗಾಲ್ದಲ್ಲಿ ಮೈ ಬೆಚ್ಚಗಿರ್ತದೆ."

ಹಿಂದೆ ನಿಂತಿದ್ದ ಬೆಂಬಲಿಗರು ಗೊಳ್ಳೆಂದರು. ಮೊದಲ ಸಲ ಶಾಸಕನಾಗಲು ಹೊರಟವನ ಸುತ್ತ ನಗುವವರಿಗೇನು ಬರ.

ಕೃಷ್ಣರಾಜಪುರದ ರೈಲು ನಿಲ್ದಾಣದಾಚೆ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡು ಉಳಿದಿದ್ದ ಹಳೆಯ ಊರು ಅದು. ಗುಡಿಯ ಹಿಂದೆ ಊರವರು ತಲೆತಲಾಂತರದಿಂದ ತಮ್ಮವರನ್ನು ಮಣ್ಣು ಮಾಡುತ್ತಿದ್ದ ಜಾಗ. ಅದರ ಮೇಲೆ ಬಿಲ್ಡರುಗಳ ಕಣ್ಣು ಬಿದ್ದಿತ್ತು. ಆ ಮಣ್ಣು ಉಳಿಸುತ್ತೇನೆಂದವನಿಗೇ ಊರಿನ ಓಟು, ಅದೂ ಬಾಯಿಮಾತಿಗಲ್ಲ. ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಬೇಕು. ಆ ಸೀಮೆಯಲ್ಲಿ ಆಣೆ ಎಂದರೆ ಅದೇ.

ದೇವರಿಗೆ ಹೆದರದ ಕೆಂಪರಾಜ್ ಬೆಂಕಿಗೆ ಹೆದರುತ್ತಿದ್ದ. ಕ್ಯಾಮೆರಾಗಳ ಮುಂದೆ ಅದನ್ನು ಹೇಳುವುದುಂಟೇ? ಪಕ್ಕದಲ್ಲಿದ್ದ ಹೆಂಡತಿಯ ಕೈ ಹಿಡಿದೆಳೆದ. "ಹಂಸ, ನೀನೂ ಕೈ ಕೊಡು. ಜೋಡಿ ಚೆನ್ನಾಗ್ ಕಾಣ್ತದೆ."

ಕೆಳಗೆ ಅವಳ ಅಂಗೈ, ಮೇಲೆ ಅವನದು. "ಈ ಮಣ್ಣಿಗೆ ಯಾರೂ ಕೈ ಹಾಕೋಕೆ ಬಿಡಲ್ಲ! ತಪ್ಪಿದ್ರೆ ನನ್ ನಾಲಿಗೆ ಬಿದ್ದೋಗ್ಲಿ!" ಎಂದು ಕೂಗಿ ಬಡಿದ. ಹಂಸ ಹಲ್ಲು ಕಚ್ಚಿದಳು. ಅವನ ಕೈಗೆ ಕಾವೂ ತಾಗಲಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಮುನಿಶಾಮಮ್ಮ ಅವನತ್ತ ನೋಡಲೇ ಇಲ್ಲ. ಹಂಸಳ ಕೈಯನ್ನೇ ನೋಡುತ್ತಿದ್ದಳು.

ಗೆದ್ದ. ಕ್ರೇನಿನಲ್ಲಿ ಸೇಬಿನ ಹಾರ ತೂಗಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಮೇಲಿನವರು ಕರೆದು, ಆ ಜಾಗದಲ್ಲಿ ಮಾಲ್ ಬರಲಿ, ನಿನ್ನನ್ನು ಮಂತ್ರಿ ಮಾಡುತ್ತೇವೆ ಎಂದರು. ಕೆಂಪರಾಜ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಷ್ಟು ಸಾಕಾಗಿತ್ತು.

ಜೆಸಿಬಿ ಮಣ್ಣಿಗೆ ಹಲ್ಲಿಟ್ಟ ಬೆಳಿಗ್ಗೆ ಅವನು ಮನೆಯಲ್ಲಿ ತಿಂಡಿಗೆ ಕೂತಿದ್ದ. ಹಂಸ ಮಾತಿನ ಮಲ್ಲಿ. ದೋಸೆ ಮಗುಚುತ್ತಲೇ ಊರ ಸುದ್ದಿಯೆಲ್ಲ ಹೇಳುವವಳು. "ರೀ, ಚಟ್ನಿಗೆ ಉಪ್ಪು..." ಎಂದಳು. ಅಷ್ಟೇ. ತುಟಿ ಆಡಿತು, ಗಂಟಲಿನ ನರ ಉಬ್ಬಿತು, ದನಿ ಬರಲಿಲ್ಲ. ಅಡುಗೆಮನೆಯ ತುಂಬ ಕರ್ಪೂರದ ವಾಸನೆ ಎದ್ದಿತು.

ದೊಡ್ಡ ಆಸ್ಪತ್ರೆಗಳೆಲ್ಲ ಆದವು. ಗಂಟಲು ಚೆನ್ನಾಗಿದೆ ಎಂದರು. ಬಲ ಅಂಗೈಯಲ್ಲಿ ಮೂಡಿದ ಕಪ್ಪು ಮಚ್ಚೆಗೆ ಮುಲಾಮು ಕೊಟ್ಟರು. ಮಚ್ಚೆ ಮೊಣಕೈಗೆ ಏರಿತು, ಅಲ್ಲಿಂದ ತೋಳಿಗೆ. ಅವಳು ಕೈಯನ್ನು ನೀರಿಗಿಟ್ಟರೆ ಚುಯ್ ಎನ್ನುತ್ತಿತ್ತು. ಕೆಂಪರಾಜ್ ಜನರಿಗೆ ಎಷ್ಟೇ ಸುಳ್ಳು ಹೇಳಲಿ, ಹೆಂಡತಿಯೆಂದರೆ ಅವನಿಗೆ ಜೀವ. ಬಚ್ಚಲ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ.

ಆಗಲೇ ಕರೆ ಬಂತು: ಸಂಜೆ ರಾಜಭವನದಲ್ಲಿ ಪ್ರಮಾಣವಚನ. ಅದೇ ಬೆಳಿಗ್ಗೆ ಕಪ್ಪು ಹಂಸಳ ಕುತ್ತಿಗೆ ಮುಟ್ಟಿತ್ತು. ಅವಳು ಅವನ ಅಂಗಿ ಹಿಡಿದು ಗುಡಿಯ ದಿಕ್ಕಿಗೆ ಬೆರಳು ತೋರಿದಳು. ಅವಳನ್ನು ಆಪ್ತ ಸಹಾಯಕ ಮುರಳಿಗೆ ಒಪ್ಪಿಸಿ ಕೆಂಪರಾಜ್ ಓಡಿದ.

ಗುಡಿಯ ಸುತ್ತ ಎತ್ತರದ ತಗಡು ಎದ್ದು ನಡುಮಧ್ಯಾಹ್ನವೇ ಒಳಗೆ ಕತ್ತಲಾಗಿತ್ತು. ಅಗೆದ ಹಸಿಮಣ್ಣು, ಡೀಸೆಲ್, ಬಾಡಿದ ಹೂವಿನ ಕಮಟು. ಹೊರಗೆ ಜೆಸಿಬಿಯ ಗುರುಗುಟ್ಟುವಿಕೆಗೆ ಗೋಡೆ ನಡುಗುತ್ತಿತ್ತು.

"ಬೆಂಕಿ ಮೊದ್ಲು ಮುಟ್ಟಿದ್ದು ಅವಳನ್ನ. ಅದಕ್ಕೇ ಅವಳಲ್ಲಿ ಕೂತದೆ," ಎಂದಳು ಮೂಲೆಯಿಂದ ಮುನಿಶಾಮಮ್ಮ.

"ಏನ್ ಮಾಡ್ಬೇಕು ಹೇಳಜ್ಜಿ."

"ಆ ಮಿಷಿನ್ ನಿಲ್ಸು. ಆಮೇಲೆ ಹಚ್ಚು. ಅಷ್ಟೇ."

ಒಂದು ಫೋನಿನ ಕೆಲಸ. ಕೆಂಪರಾಜ್ ಫೋನ್ ತೆಗೆದ. ಈಗ ನಿಲ್ಲಿಸಿದರೆ ಸಂಜೆಯ ಮಂತ್ರಿಗಳ ಪಟ್ಟಿಯಿಂದ ಹೆಸರು ಹಾರಿಹೋಗುತ್ತದೆ. ನಾಳೆ ನಿಲ್ಲಿಸಿದರೆ? ಫೋನ್ ಮತ್ತೆ ಜೇಬಿಗಿಳಿಯಿತು. ಕರ್ಪೂರ ಹಚ್ಚಿದ.

"ಸ್ವಾಮಿ, ಮಂತ್ರಿಯಾಗಿ ಬಂದು ನಾಳೆ ನಾನೇ ನಿಲ್ಲಿಸ್ತೀನಿ. ಆಣೆ!"

"ಬ್ಯಾಡ!" ಮುದುಕಿ ಚೀರಿದಳು. ಕೈ ಆಗಲೇ ಬಡಿದಾಗಿತ್ತು. ಅಭ್ಯಾಸ ಎಷ್ಟೆಂದರೂ ಅಭ್ಯಾಸ.

ಕತ್ತಲು. ಜೆಸಿಬಿಯ ಸದ್ದು ನಿಂತಿತು. ಗಂಟೆ ತಾನಾಗಿ ಅಲುಗಿತು. ಒಮ್ಮೆ. ಕುತ್ತಿಗೆಯ ಹಿಂದೆ ಬಿಸಿ ಉಸಿರು. ತಿರುಗಿದ. ಯಾರೂ ಇಲ್ಲ. ಉಸಿರು ಕಿವಿಗೆ ಬಂತು. ಕೆನ್ನೆಗೆ ಬಂತು. ಬಾಯಿ ತೆರೆದ. ಒಳಗೆ ಹೋಯಿತು.

ಬಿದ್ದೆದ್ದು ಕಾರು ಸೇರಿದಾಗ ಮುರಳಿಯ ಫೋನು. "ಅಣ್ಣ, ಅತ್ತಿಗೆ ಕೈ ಕಪ್ಪು ಪೂರ್ತಿ ಹೋಯ್ತು! ಎದ್ದು ಕೂತವ್ರೆ!" ಕೆಂಪರಾಜ್‌ಗೆ ಗಂಟಲು ಕಟ್ಟಿತು, ಉತ್ತರ ಹೊರಡಲಿಲ್ಲ. ಸಂತೋಷಕ್ಕೆ ಹಾಗಾಯಿತು ಎಂದುಕೊಂಡ.

ರಾಜಭವನದಲ್ಲಿ ಅವನ ಹೆಸರು ಕರೆದರು. ರಾಜ್ಯಪಾಲರು ಮೊದಲ ಮಾತು ಹೇಳಿಕೊಟ್ಟು ಕಾದರು. ಕೆಂಪರಾಜ್ ಬಾಯಿ ತೆರೆದ. ಮೈಕಿನಲ್ಲಿ ಉಸಿರು ಮಾತ್ರ ಕೇಳಿತು. ಮತ್ತೆ ತೆರೆದ. ಕರ್ಪೂರದ ಘಾಟಿಗೆ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಯಾರೋ ತೋಳು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದರು. ಹೊರಗೆ ಇನ್ನೊಬ್ಬನ ಹೆಸರು ಕರೆಯುತ್ತಿದ್ದರು.

ಜೇಬಿನ ಫೋನು ಹೊಡೆದುಕೊಂಡಿತು. ಕಿವಿಗಿಟ್ಟ.

"ಈ ಮಣ್ಣಿಗೆ ಯಾರೂ ಕೈ ಹಾಕೋಕೆ ಬಿಡಲ್ಲ! ತಪ್ಪಿದ್ರೆ ನನ್ ನಾಲಿಗೆ ಬಿದ್ದೋಗ್ಲಿ! ಈ ಮಣ್ಣಿಗೆ ಯಾರೂ..."

ಅವನದೇ ದನಿ. ಅಂದಿನ ಅದೇ ಠೇಂಕಾರ. ಅದರ ಹಿಂದೆ ಮುರಳಿ ಅಳುತ್ತಿದ್ದ. "ಅಣ್ಣಾ, ಮಾತಾಡ್ತಿರೋದು ಅತ್ತಿಗೆ! ಅವರ ಬಾಯಿಂದ ನಿಮ್ ದನಿ ಬರ್ತಿದೆ! ಉಸಿರೂ ತಗೊಳ್ತಿಲ್ಲ, ನಿಲ್ಲಿಸ್ತಾನೇ ಇಲ್ಲ! ಏನಾದ್ರೂ ಹೇಳಿ ಅಣ್ಣ, ಒಂದ್ಸಲ ಕೂಗಿ, ನಿಮ್ಮ ಮಾತಾದ್ರೂ ಕೇಳ್ತಾರೇನೋ!"

ಹಂಸಾ ಎಂದು ಕೂಗಲು ಅವನು ಬಾಯಿ ತೆರೆದ. ಬೆಳ್ಳನೆಯ ಹೊಗೆ ಸಣ್ಣಗೆ ಹೊರಬಂತು.