ಕತ್ತರಿಸಿದ ಬೀಗ

ಮಂಗಳವಾರ ಬೆಳಗ್ಗೆ 11.20. ಠಾಣೆಗೆ ಬಂದ ಹೆಂಗಸು ಕೂರಲೂ ಇಲ್ಲ.

"ನನ್ನ ತಮ್ಮನ ಎರಡೂ ಕೈ ಬೆಂದುಹೋಗಿದೆ ಮೇಡಂ. ಅವನು ಹಾಕಿದ್ದ ಬೀಗಾನ ಯಾರೋ ಕತ್ತರಿಸಿದಾರೆ. ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ತಮ್ಮ ಗ್ಯಾಸ್ ವಿದ್ಯುತ್ ಸ್ಥಾವರದ ಫಿಟ್ಟರ್. ಅಲ್ಲಿ ಗ್ಯಾಸ್ ಉರಿದು ಟರ್ಬೈನ್ ತಿರುಗುತ್ತದೆ, ಕರೆಂಟು ಬರುತ್ತದೆ. ಹೊರಬೀಳುವ ಬಿಸಿಯನ್ನೂ ಬಿಡದೆ ನೀರು ಕಾಯಿಸಿ, ಹಬೆಯನ್ನು ಎದುರಿನ ಆಸ್ಪತ್ರೆಗೆ ಕಳಿಸುತ್ತಾರೆ. ಆಪರೇಷನ್ ಉಪಕರಣಗಳು ಶುದ್ಧವಾಗುವುದು ಅದರಲ್ಲೇ. ಇಪ್ಪತ್ತೆರಡು ವರ್ಷದ ಹಿಂದೆ ಸ್ಥಾವರ ಶುರುವಾದಾಗ ಆಸ್ಪತ್ರೆ ತನ್ನ ಕಲ್ಲಿದ್ದಲ ಬಾಯ್ಲರನ್ನು ಗುಜರಿಗೆ ಹಾಕಿತ್ತು.

ಪೈಪು ರಿಪೇರಿ ಮಾಡುವವನು, ಕೆಲಸ ಮುಗಿಯುವವರೆಗೆ ಬೇರೆ ಯಾರೂ ಹಬೆ ಬಿಡದಂತೆ ವಾಲ್ವ್ ಮುಚ್ಚಿ, ಸ್ವಂತ ಬೀಗ ಜಡಿದು, ಕೀಲಿ ಜೇಬಿಗಿಳಿಸಬೇಕು. ನಿಯಮವೇನೋ ಚೆನ್ನಾಗಿಯೇ ಇತ್ತು. 12.45ಕ್ಕೆ ಪಂಚನಾಮೆ ನಡೆಯುವಾಗ ಕಾನ್‌ಸ್ಟೆಬಲ್ ಉಗ್ರಾಣದಿಂದ ಒಂದು ಡಬ್ಬ ಹೊತ್ತು ತಂದ. ಅದರ ತುಂಬ ಕತ್ತರಿಸಿದ ಬೀಗಗಳು.

"ಏನ್ರೀ ಇದು?"

"ಬೀಗ ತೆಗೆಯೋದು ಮರೆತು ಮನೆಗೆ ಹೋಗ್ಬಿಡ್ತಾರೆ ಮೇಡಂ," ಎಂದ ಉಗ್ರಾಣದವ. "ಕತ್ತರಿಸದೆ ಇನ್ನೇನ್ ಮಾಡೋದು?"

"ಕತ್ತರಿಸೋ ಮುಂಚೆ, ಪೈಪ್ ಹತ್ರ ಯಾರಾದ್ರೂ ಇದಾರಾ ಅಂತ ಹೋಗಿ ನೋಡ್ತೀರಾ?"

"ನೋಡಬೇಕು."

"ನೋಡ್ತೀರಾ ಅಂತ ಕೇಳ್ದೆ."

ಬೀಗ ಕತ್ತರಿಸುವುದು ಅಲ್ಲಿ ನೀರು ಕುಡಿದಷ್ಟು ಸಲೀಸಾಗಿತ್ತು.

"ಇವತ್ತು ಕಟರ್ ಯಾರ ಕೈಲಿತ್ತು?"

"ಶಿಫ್ಟ್ ಸಾಹೇಬ್ರು ತಗೊಂಡ್ರು. ಒಂಬತ್ತು ಗಂಟೆಗೆ. ಆಮೇಲೆ ಆಸ್ಪತ್ರೆಗೆ ಹೋದ್ರು."

ಕಂಟ್ರೋಲ್ ರೂಮಿನ ಪುಸ್ತಕದಲ್ಲಿ 8.52ಕ್ಕೆ ಆಸ್ಪತ್ರೆಯ ಕರೆ ದಾಖಲಾಗಿತ್ತು: ಹಬೆ ಬಾರದಿದ್ದರೆ ಇಂದಿನ ಆಪರೇಷನ್‌ಗಳು ಮುಂದಕ್ಕೆ. ಅದರ ಕೆಳಗೆ: ಉಳಿದ ರಿಪೇರಿ ಇನ್ನೊಬ್ಬ ಫಿಟ್ಟರ್ ಮುಗಿಸಿದ ಮೇಲೆ ಹಬೆ ಬಿಡಲಾಯಿತು. ಇನ್‌ಸ್ಪೆಕ್ಟರ್ ರಸ್ತೆ ದಾಟಿ ಆಪರೇಷನ್ ಪಟ್ಟಿ ಕೇಳಿದರು. ಎರಡನೆಯದು ಏಳು ವರ್ಷದ ಹುಡುಗಿ, ಹೃದಯದ ರಂಧ್ರ. ತಂದೆಯ ಉದ್ಯೋಗ: ಸ್ಥಾವರದ ಶಿಫ್ಟ್ ಅಧಿಕಾರಿ.

ಆತ ಥಿಯೇಟರಿನ ಹೊರಗೆ ಬೆಂಚಿನ ಮೇಲಿದ್ದ.

"ಬೀಗ ನೀವೇ ಕತ್ತರಿಸಿದ್ದಾ?"

"ಹೌದು."

"ಒಂದ್ಸಲ ಕೂಗಿ ನೋಡಬಾರದಿತ್ತಾ?"

"ಮೂರು ಸಲ ಮುಂದಕ್ಕೆ ಹಾಕಿದ್ರು ಮೇಡಂ. ಡಾಕ್ಟ್ರು ಇನ್ನು ತಡ ಮಾಡಬೇಡಿ ಅಂದಿದ್ರು. ಅವನೂ ಮರೆತು ಹೋಗಿರ್ತಾನೆ ಅನ್ಕೊಂಡೆ... ಹಾಗೇ ಅನ್ಕೋಬೇಕು ಅನ್ನಿಸ್ತು."

ಮಗುವಿನ ಆಪರೇಷನ್ ಮುಗಿದಿತ್ತು, ಚೆನ್ನಾಗಿಯೇ ಆಗಿತ್ತು. ಇನ್‌ಸ್ಪೆಕ್ಟರ್ ಅವನನ್ನು ಮೊದಲು ಕರೆದೊಯ್ದದ್ದು ಸುಟ್ಟಗಾಯದ ವಾರ್ಡಿಗೆ. ಫಿಟ್ಟರನ ಕೈಗಳು ಮೊಣಕೈವರೆಗೂ ಬಿಳಿ ಪಟ್ಟಿಯಲ್ಲಿದ್ದವು. ಸಾಹೇಬರನ್ನು ಕಂಡು ಏಳಲು ನೋಡಿದ. ಬೀಗ ಕತ್ತರಿಸಿದವರು ಯಾರೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

"ಪಾಪು ಹೇಗಿದೆ ಸಾರ್? ಅದಕ್ಕೇ ಅಂತ ತಿಂಡೀನೂ ಬಿಟ್ಟು ಬೇಗ ಬೇಗ ಮಾಡ್ತಿದ್ದೆ. ಇನ್ನೊಂದ್ ಹತ್ತು ನಿಮಿಷ ಸಿಕ್ಕಿದ್ರೆ ಆಗ್ಬಿಡ್ತಿತ್ತು."

ಸಂಜೆ 4.10ಕ್ಕೆ ಶಿಫ್ಟ್ ಅಧಿಕಾರಿಯ ಬಂಧನವಾಯಿತು. ಮಗಳಿಗೆ ಎಚ್ಚರವಾದಾಗ ಪಕ್ಕದಲ್ಲಿ ತಾಯಿಯೊಬ್ಬಳೇ ಇದ್ದಳು.