ಒಂದು ಗೇಣು, ಎರಡು ಬೆರಳು

ಟಪ್!

ಅಂಗಳದ ಮಣ್ಣು ಮೇಲೆದ್ದಿತು. ಚೆಂಡು ಮಾತ್ರ ಏಳಲಿಲ್ಲ.

"ಹನ್ನೊಂದು!" ಎಂದು ಕೂಗಿದಳು ಕೊಟ್ರಬಸಮ್ಮ. ಮನೆಯವರ ಬಾಯಲ್ಲಿ ಅವಳು ಕೊಟ್ರಿ. ಶಾಲೆ ಬಿಟ್ಟ ಕೂಡಲೇ ಓಡಿ ಬಂದು, ಭತ್ತದ ಚೀಲದ ಮೇಲೆ ಕುಳಿತು, ಅಪ್ಪ ಎಷ್ಟು ಸಲ ನೆಲ ಅಗೆದ ಎಂದು ಎಣಿಸುತ್ತಿದ್ದಳು.

"ಎಣಸಬ್ಯಾಡಲೇ!" ಅಪ್ಪ ಉಜ್ಜಿನಪ್ಪ ಗದರಿದ. "ಈ ನೆಲಾನ ಸರಿ ಇಲ್ಲ."

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದು ಅವ್ವ ಸಂಗಮ್ಮ ಅಡುಗೆಮನೆಯಿಂದಲೇ ಹೇಳಿದಳು.

ಹೊಸಪೇಟೆಯಲ್ಲಿ ಆಗ ಒಬ್ಬ ಇಂಗ್ಲಿಷ್ ದೊರೆ ಇದ್ದರು. ಭಾನುವಾರ ಬಂತೆಂದರೆ ಊರಾಚೆಯ ಬಯಲಿನಲ್ಲಿ ಗಾಲ್ಫ್ ಆಡುತ್ತಿದ್ದರು. ಒಬ್ಬರೇ ಆಡಿ ಆಡಿ ಬೇಜಾರಾಗಿ, ರೈಸ್ ಮಿಲ್ಲಿನ ಮಾಲೀಕ ಉಜ್ಜಿನಪ್ಪನ ಕೈಗೆ ಕಬ್ಬಿಣದ ತಲೆಯ ಒಂದು ಕೋಲು, ಒಂದು ಬಿಳಿ ಚೆಂಡು ಕೊಟ್ಟು, ಮುಂದಿನ ವಾರ ಆಡಲು ಬಾ ಎಂದಿದ್ದರು.

"ಗಾಲಪ್ಪ ಅಂದ್ರ ಯಾರ್ರಿ? ಯಾವೂರಾಂವ?" ಎಂದು ಅವ್ವ ಕೇಳಿದ್ದಳು. ಅಂದಿನಿಂದ ಮನೆಯಲ್ಲಿ ಅದು ಗಾಲಪ್ಪನ ಆಟವೇ ಆಯಿತು.

ಅಪ್ಪ ಸುಮ್ಮನಿದ್ದರೆ ಆಗುತ್ತಿತ್ತು. ಬಜಾರಿನ ಅಂಗಡಿ ಅಂಗಡಿಗೂ ಹೋಗಿ, "ದೊರಿ ಸಂಗಾಟ ಆಡಾಕ ಹೊಂಟೀನಿ, ಬರ್ರಿ" ಎಂದು ಹೇಳಿ ಬಂದ. ಈಗ ಅರ್ಧ ಬಜಾರು ಭಾನುವಾರ ಬರುವುದಿತ್ತು. ಚೆಂಡು ಏಳದಿದ್ದರೆ ಅಪ್ಪನ ಮಾನ ಮೂರು ಕಾಸಿಗೆ ಹೋಗುತ್ತಿತ್ತು.

ಚೆಂಡು ಏಳದಿರಲು ಕಾರಣ ಅಪ್ಪನ ಹಟ. ಚೆಂಡು ಎಲ್ಲಿಡಬೇಕೆಂದು ಕೇಳಿದಾಗ ದೊರೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಎಡಗಾಲಿನ ಕಡೆ ಕೈ ತೋರಿಸಿದ್ದರು. ಅಪ್ಪನಿಗೆ ಅದು ಸರಿಬರಲಿಲ್ಲ.

"ಎಡಗಾಲ? ಮದಿಮಗಳು ಮನಿಯೊಳಗ ಯಾವ ಕಾಲಿಟ್ಟು ಬರ್ತಾಳ? ಶುಭ ಅಂಬೋದೆಲ್ಲ ಬಲಗಡಿಗೆ! ದೊರಿಗೇನು ಗೊತ್ತು?"

ಹೀಗಾಗಿ ಚೆಂಡು ಅಪ್ಪನ ಬಲಗಾಲ ಹೆಬ್ಬೆರಳಿನ ಮುಂದೆಯೇ ಕೂರುತ್ತಿತ್ತು. ಅದನ್ನು ತಂದಿಡುವ ಕೆಲಸ ಕೊಟ್ರಿಯದು.

ಅವಳು ನೆಲವನ್ನು ನೋಡಿದಳು. ಅಪ್ಪನ ಎರಡು ಹೆಜ್ಜೆಗಳ ಗುರುತು ಮಣ್ಣಿನಲ್ಲಿ ಎದ್ದು ಕಾಣುತ್ತಿತ್ತು. ಚೆಂಡಿಲ್ಲದೆ ಬೀಸಿದಾಗ ಕೋಲು ಮಣ್ಣು ಸವರುವ ಜಾಗ ಬಲಗಾಲ ಹತ್ತಿರ ಇರಲೇ ಇಲ್ಲ. ಎರಡೂ ಕಾಲಿನ ನಡುವೆ ಇತ್ತು.

ಕೊಟ್ರಿ ತುಟಿ ಕಚ್ಚಿಕೊಂಡಳು. ಮುಂದಿನ ಸಲ ಚೆಂಡನ್ನು ಅರ್ಧ ಗೇಣಿನಷ್ಟು ಎಡಕ್ಕೆ ಇಟ್ಟಳು. ಅಪ್ಪನಿಗೆ ಗೊತ್ತಾಗಲಿಲ್ಲ. ಅವನು ಚೆಂಡನ್ನು ದಿಟ್ಟಿಸುತ್ತಿದ್ದನೇ ಹೊರತು ತನ್ನ ಕಾಲನ್ನು ನೋಡುತ್ತಿರಲಿಲ್ಲ.

ಮರುದಿನ ಇನ್ನರ್ಧ ಗೇಣು ಸರಿಸಿದಳು. ಚೆಂಡು ನೆಲ ಹಿಡಿದು ಓಡಿತು. ಅದರ ಮರುದಿನ ಮೊಣಕಾಲೆತ್ತರ ಎದ್ದಿತು. ಗುರುವಾರ ಆಸೆಗೆ ಬಿದ್ದು ಒಮ್ಮೆಲೇ ನಾಲ್ಕು ಬೆರಳು ಸರಿಸಿದಳು. ಕೋಲು ಚೆಂಡಿನ ನೆತ್ತಿಗೆ ಬಡಿದು, ಅದು ಉರುಳಿ ಹೋಗಿ ಕೋಳಿಯ ಕಾಲಿಗೆ ತಾಗಿತು. ಕೋಳಿ ಕೊಕ್ಕೊಕ್ಕೋ ಎಂದು ಇಡೀ ಅಂಗಳ ಸುತ್ತಿತು. ಕೊಟ್ರಿ ಮೆಲ್ಲಗೆ ಎರಡು ಬೆರಳು ಹಿಂದೆ ಬಂದಳು.

ಟಣ್! ಚೆಂಡು ಮಿಲ್ಲಿನ ಗೋಡೆ ಹಾರಿತು.

"ನೋಡಿದ್ಯಾ? ಬಲಗಾಲ ಮಹಿಮಾ!" ಅಪ್ಪ ಮೀಸೆ ತಿರುವಿದ. ಕೊಟ್ರಿ ಚೀಲಗಳ ಹಿಂದೆ ಓಡಿ, ಬಾಯಿಗೆ ಲಂಗ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಶುಕ್ರವಾರವೂ ಹಾರಿತು, ಶನಿವಾರವೂ ಹಾರಿತು.

ಶನಿವಾರ ಸಂಜೆ ಊಟಕ್ಕೆ ಕುಳಿತಾಗ ಅಪ್ಪ ಹೇಳಿದ, "ನಾಳಿ ದೊರಿಗೂ ಕಲಸ್ತೀನಿ, ಬಲಗಾಲ ಮುಂದ ಇಟ್ಟು ಹೊಡೀರಿ ಅಂತ."

"ಚೆಂಡು ಇಡಾಕ ಕೊಟ್ರಿ ಬರ್ತಾಳೇನ್ರಿ?" ಅವ್ವ ಕೇಳಿದಳು.

"ಆಕಿ ಯಾಕ? ದೊರಿ ಜವಾನ ಇಡ್ತಾನ."

ಕೊಟ್ರಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಜವಾನ ಅಪ್ಪ ಹೇಳಿದಲ್ಲೇ ಇಡುತ್ತಾನೆ! ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಪ್ಪ ಅಷ್ಟು ಖುಷಿಯಲ್ಲಿದ್ದ. ತೆರೆದ ಬಾಯಿಗೆ ರೊಟ್ಟಿಯ ತುಂಡನ್ನೇ ಇಟ್ಟುಕೊಂಡಳು.

ಭಾನುವಾರ ಬಯಲಿನ ತುಂಬ ಜನ. ದೊರೆ ಮೊದಲು ಹೊಡೆದರು. ಚೆಂಡು ಹದ್ದಿನಂತೆ ಹೋಯಿತು. ಆಮೇಲೆ ಅಪ್ಪ ನಿಂತ. ಜವಾನ ಚೆಂಡನ್ನು ಅವನ ಬಲಗಾಲ ಹೆಬ್ಬೆರಳಿನ ಮುಂದೆ ಸರಿಯಾಗಿ ಇಟ್ಟು ಹಿಂದೆ ಸರಿದ.

ಕೊಟ್ರಿ ಅವ್ವನ ಪಕ್ಕದಲ್ಲಿದ್ದಳು. ಅಪ್ಪ ಅಂಗೈಯನ್ನು ಮತ್ತೆ ಮತ್ತೆ ಧೋತರಕ್ಕೆ ಒರೆಸಿಕೊಳ್ಳುವುದು ಅವಳಿಗೆ ಕಂಡಿತು. ಮಿಲ್ಲಿನಲ್ಲಿ ಹತ್ತು ಜನರನ್ನು ಗದರುವ ಅಪ್ಪ ಹೆದರಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ತಡಿ!" ಓಡಿಹೋಗಿ ಅವನ ತೋಳು ಹಿಡಿದು ಬಗ್ಗಿಸಿ, ಕಿವಿಯಲ್ಲಿ ಹೇಳಿದಳು. "ಅದು ಬಲಗಾಲ ಮಹಿಮಾ ಅಲ್ಲ. ದಿನಾ ನಾನ ಚೆಂಡು ಎಡಕ್ಕ ಇಡ್ತಿದ್ದೆ."

ಅಪ್ಪನ ಮುಖ ಕೆಂಪಾಯಿತು. ಏಟು ಬಿತ್ತು ಎಂದುಕೊಂಡು ಕೊಟ್ರಿ ಹೆಗಲು ಕುಗ್ಗಿಸಿದಳು.

ಅಪ್ಪ ಜನರನ್ನು ನೋಡಿದ. ದೊರೆಯನ್ನು ನೋಡಿದ. ಆಮೇಲೆ ಮೀಸೆಯೊಳಗೇ ಕೇಳಿದ, "ಎಷ್ಟು?"

"ಒಂದು ಗೇಣು, ಎರಡು ಬೆರಳು."

"ಯಾರ ಗೇಣು? ನಿಂದೋ, ನಂದೋ?"

"ನಂದು."

ಅಪ್ಪ ಚೆಂಡನ್ನು ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡು ತನ್ನ ಎರಡೂ ಕಾಲನ್ನು ಬಲಕ್ಕೆ ಸರಿಸಿ ನಿಂತ. "ನಾ ಎಡಕ್ಕ ಹೋಗ್ಲಿಲ್ಲ ನೋಡು," ಎಂದ ಪಿಸುದನಿಯಲ್ಲಿ. "ಬಲಕ್ಕ ಬಂದೆ."

ಬೀಸಿದ. ಚೆಂಡು ಎದ್ದಿತು. ದೊರೆಯ ಚೆಂಡಿನಷ್ಟು ದೂರವೇನಲ್ಲ. ಆದರೂ ಜಾಲಿಗಿಡ ದಾಟಿ ಬಿತ್ತು. ಬಜಾರಿನವರು ಹೋ ಎಂದರು. ದೊರೆ ಚಪ್ಪಾಳೆ ತಟ್ಟಿ, ಇನ್ನೊಂದು ಎಂದು ಬೆರಳೆತ್ತಿದರು.

ಜವಾನ ಇನ್ನೊಂದು ಚೆಂಡು ತಂದ. ಅಪ್ಪ ಅದನ್ನು ಇಸಿದುಕೊಂಡು ಕೊಟ್ರಿಯ ಕೈಗೆ ಕೊಟ್ಟ.

"ನೀನ ಇಡು."

ಕೊಟ್ರಿ ಕುಕ್ಕರಗಾಲಲ್ಲಿ ಕುಳಿತು ಗೇಣು ಹಾಕಿದಳು. ಇಡೀ ಬಯಲು ತನ್ನ ಕೈಯನ್ನೇ ನೋಡುತ್ತಿದೆ ಎನ್ನಿಸಿತು. ಬೆರಳು ಎರಡೋ ಮೂರೋ ತಿಳಿಯದೆ ಮತ್ತೆ ಮೊದಲಿನಿಂದ ಅಳೆದಳು. ಇಷ್ಟು ಜನರೆದುರು ಚೆಂಡು ಇಡುವುದೇ ಇಷ್ಟು ಕಷ್ಟವಾದರೆ, ಹೊಡೆಯುವವರಿಗೆ ಹೇಗಾಗಿರಬೇಡ!

ಮೇಲಿನಿಂದ ಅಪ್ಪನ ದನಿ ಕೇಳಿಸಿತು. ಅದರಲ್ಲಿ ಗದರಿಕೆ ಇರಲಿಲ್ಲ.

"ಅವಸರ ಇಲ್ಲವ್ವಾ. ನಿಧಾನಕ್ಕ ಇಡು."